ಹತ್ತೊಂಬತ್ತನೇ ಬಿಲ್ಲೆ

ಮೊದಲೇ ಹೇಳಿಬಿಡುತ್ತೇನೆ, ನನಗೆ ಬರೆದು ರೂಢಿಯಿಲ್ಲ. ಇದನ್ನು ಬಾಯಲ್ಲಿ ಹತ್ತಾರು ಸಲ ಹೇಳಿದ್ದೇನೆ. ದೀಪ ಸಣ್ಣದು ಮಾಡಿ ಹೇಳಿದರೆ ಕೇಳುವವರು ನೇತಾಡುತ್ತಿರುವ ಕಾಲನ್ನು ಮೆಲ್ಲಗೆ ಮಂಚದ ಮೇಲೆ ಎಳೆದುಕೊಳ್ಳುತ್ತಾರೆ. ಬರೆಯಲು ಕೂತರೆ ಮಾತ್ರ ಯಾರಿಗಾದರೂ ಅರ್ಥವಾಗದೆ ಹೋದೀತು ಅಂತ ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಬೇಕು ಅನ್ನಿಸುತ್ತದೆ. ಕೆಟ್ಟದಾಗಿ ಹೇಳಿದರೆ ತಪ್ಪು ನನ್ನದು, ಕ್ಷಮಿಸಿ. ನಡೆದದ್ದು ಮಾತ್ರ ನಡೆದದ್ದೇ. ನಡೆದದ್ದು ಯಾವುದೋ ಊರಿನ ಯಾರಿಗೋ ಅಲ್ಲ, ನನ್ನ ಸ್ವಂತ ದೊಡ್ಡಪ್ಪನ ಮಗನಿಗೆ.

ಅವನನ್ನು ಎಲ್ಲರೂ ತಕ್ಕಡಿಯಣ್ಣ ಅನ್ನುತ್ತಾರೆ. ತಕ್ಕಡಿ, ತೂಕದ ಯಂತ್ರ ರಿಪೇರಿ ಮಾಡುವುದು ಅವನ ಕಸುಬು.

ಆ ರಾತ್ರಿ ಹತ್ತೂವರೆ ದಾಟಿತ್ತು. ತಕ್ಕಡಿಯಣ್ಣ ಹಳೇ ಗೂಡ್ಸ್ ಶೆಡ್ಡಿಗೆ ಬೀಗ ಜಡಿದು ಮನೆ ಕಡೆ ಹೊರಟ. ದಾರಿಯಲ್ಲಿ ಒಂದು ಬಾವಿ. ಮನೆಗೆ ನೀರು ಸೇದುವ ಬಾವಿಯಲ್ಲ, ಇಂಜಿನ್ ಬಾವಿ. ಉಗಿಬಂಡಿ ಓಡುತ್ತಿದ್ದ ಕಾಲದಲ್ಲಿ ಇಂಜಿನ್ನು ಇಲ್ಲಿಗೆ ಬಂದು ನಿಂತು, ಸೊಂಡಿಲಿನಂಥ ಕೊಳವೆಯಿಂದ ಹೊಟ್ಟೆ ತುಂಬಾ ನೀರು ಕುಡಿದು ಹೋಗುತ್ತಿತ್ತು. ಈಗ ಕೊಳವೆಯಿಲ್ಲ. ಕಲ್ಲಿನ ಕಟ್ಟೆ ಇದೆ, ಕೆಳಗೆ ಅರವತ್ತು ಅಡಿ ಕತ್ತಲೆ ಇದೆ.

ಅವನು ಕಟ್ಟೆಯ ಹತ್ತಿರ ನಿಂತ. ಹಿಂದೆ ನೋಡಿದ. ಮುಂದೆ ನೋಡಿದ. ಪ್ಯಾಂಟಿನ ಜೇಬಿಗೆ ಕೈ ಹಾಕಿ ಬೆರಳುದ್ದದ ಒಂದು ಕಬ್ಬಿಣದ ಕೊಕ್ಕೆಯನ್ನು ತೆಗೆದ. ಅದನ್ನು ಬಾವಿಗೆ ಹಾಕಲೆಂದೇ ಅವನು ಅಲ್ಲಿ ನಿಂತದ್ದು.

ಈಗ ಅವನನ್ನು ಅಲ್ಲೇ ನಿಲ್ಲಿಸಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಆ ಕೊಕ್ಕೆ ಏನು ಅಂತ ಗೊತ್ತಿಲ್ಲದಿದ್ದರೆ ಮುಂದಿನದಕ್ಕೆ ಹೆದರಿಕೆಯೇ ಆಗುವುದಿಲ್ಲ.

ನಮ್ಮ ಕಡೆ ಹಿಂದೆ ಒಂದು ಸಣ್ಣ ರೈಲು ಓಡುತ್ತಿತ್ತು. ಐವತ್ತು ಮೈಲಿ, ಒಂಬತ್ತು ಸ್ಟೇಷನ್ನು, ಒಂದೇ ಜೊತೆ ಹಳಿ. ಅದನ್ನು ಮುಚ್ಚಿ ನಲವತ್ತೇಳು ವರ್ಷವಾಯಿತು. ಹಳಿ ಕಿತ್ತು ಮಾರಿದರು, ಹಳಿಯಡಿಯ ಸ್ಲೀಪರ್ ಮರವನ್ನು ಜನ ಬಾಗಿಲಿಗೋ ಒಲೆಗೋ ಹಾಕಿಕೊಂಡರು, ಸ್ಟೇಷನ್ನುಗಳಲ್ಲಿ ಆಡು ಮಲಗಿದವು. ಇಂಥದ್ದೊಂದು ಓಡಾಡುತ್ತಿತ್ತು ಅಂದರೆ ಇವತ್ತಿನ ಮಕ್ಕಳು ನಗುತ್ತಾರೆ. ತಕ್ಕಡಿಯಣ್ಣನಿಗೆ ಅದನ್ನೇ ಸಹಿಸಲಾಗಲಿಲ್ಲ. ಹದಿನಾಲ್ಕು ವರ್ಷ ಗುಜರಿ ಅಂಗಡಿ, ಹಿತ್ತಿಲು, ಅಟ್ಟ ಎಲ್ಲಾ ಜಾಲಾಡಿ ಕೈದೀಪ, ಟಿಕೆಟ್ಟಿಗೆ ತೂತು ಹೊಡೆಯುವ ಇಕ್ಕಳ, ಗಂಟೆ, ಬೆಂಚು, ಬಾವುಟ, ಕಟ್ಟುಕಟ್ಟು ರಿಜಿಸ್ಟರು ತಂದು ಗೂಡ್ಸ್ ಶೆಡ್ಡಿನಲ್ಲಿ ಜೋಡಿಸಿದ. ಒಂದೊಂದಕ್ಕೂ ಎಣ್ಣೆ ಹಾಕಿ, ತುಕ್ಕು ಕೆರೆದು, ಎದುರಿಗೆ ಒಂದೊಂದು ಬೋರ್ಡು ಬರೆಸಿದ. ಇನ್ನೆರಡು ದಿನಕ್ಕೆ ಆ ರೈಲು ಮ್ಯೂಸಿಯಮ್ಮಿನ ಉದ್ಘಾಟನೆಯಿತ್ತು. ಬಾಗಿಲು ತೆರೆಯುವವರು ಅವನ ತಾಯಿ, ಅಂದರೆ ನನ್ನ ದೊಡ್ಡಮ್ಮ. ಯಾಕೆಂದರೆ ದೊಡ್ಡಮ್ಮನ ಅಪ್ಪ ಇದೇ ಸ್ಟೇಷನ್ನಿನ ಮಾಸ್ಟರಾಗಿದ್ದವರು. ಅವರ ಟೋಪಿ ಗಾಜಿನ ಪೆಟ್ಟಿಗೆಯಲ್ಲಿ ನಟ್ಟನಡುವೆ ಕೂತಿತ್ತು. ಬಾಗಿಲ ಮೇಲೂ ಅವರ ಹೆಸರೇ.

ಇನ್ನು ಬಿಲ್ಲೆಯ ವಿಷಯ. ಇದೊಂದನ್ನು ದಯವಿಟ್ಟು ಗಮನವಿಟ್ಟು ಓದಿ.

ಹಳಿ ಒಂದೇ. ಗಾಡಿ ಎರಡು ಕಡೆಯಿಂದಲೂ ಬರಬೇಕು. ಎದುರುಬದುರಾದರೆ ಗತಿಯೇನು? ಅದಕ್ಕೆ ಪ್ರತಿ ಎರಡು ಸ್ಟೇಷನ್ನುಗಳ ನಡುವೆ ತಂತಿಯಿಂದ ಜೋಡಿಸಿದ ಎರಡು ಯಂತ್ರಗಳು, ಈ ತುದಿಗೊಂದು, ಆ ತುದಿಗೊಂದು. ಒಳಗೆ ಅಂಗೈ ಅಗಲದ ಹಿತ್ತಾಳೆ ಬಿಲ್ಲೆಗಳು, ಒಂದೊಂದಕ್ಕೂ ಒಂದೊಂದು ನಂಬರು. ಎರಡು ಯಂತ್ರಗಳೂ ಸೇರಿ ಒಂದು ಸಲಕ್ಕೆ ಒಂದೇ ಬಿಲ್ಲೆ ಕೊಡುತ್ತವೆ. ಅದು ಹೊರಗಿರುವಷ್ಟು ಹೊತ್ತು, ಯಂತ್ರಕ್ಕೆ ಒದ್ದರೂ ಕಾಲು ಹಿಡಿದರೂ, ಇನ್ನೊಂದು ಬಾರದು. ಬಿಲ್ಲೆ ಕೈಗೆ ಬಾರದೆ ಡ್ರೈವರ್ ಗಾಡಿ ಬಿಡುವಂತಿಲ್ಲ. ಯಾರ ಕೈಯಲ್ಲಿ ಬಿಲ್ಲೆಯೋ ಹಳಿ ಅವನದು.

ಅದನ್ನು ಕೊಡುವ ರೀತಿಯೂ ಚಂದ. ಬೆತ್ತದ ದೊಡ್ಡ ಬಳೆ, ಬಳೆಯ ಬುಡದಲ್ಲಿ ತೊಗಲಿನ ಚೀಲ, ಚೀಲದೊಳಗೆ ಬಿಲ್ಲೆ. ಕೊಡುವವನು ತೋಳೆತ್ತಿ ಹಿಡಿದು ನಿಲ್ಲುತ್ತಾನೆ. ಡ್ರೈವರ್ ಓಡುವ ಇಂಜಿನ್ನಿನಿಂದ ಬಾಗಿ, ಮಡಚಿದ ಮೊಳಕೈಯನ್ನು ಬಳೆಯೊಳಗೆ ತೂರಿಸಿ ಕಿತ್ತುಕೊಂಡು ಹೋಗುತ್ತಾನೆ. ಹೋಗುವಾಗ ಹಿಂದಿನ ಸ್ಟೇಷನ್ನಿನಿಂದ ತಂದ ಬಿಲ್ಲೆಯನ್ನು ಇಲ್ಲಿ ಕೊಟ್ಟೇ ಹೋಗಬೇಕು. ಹಳೆಯದನ್ನು ಕೊಡದೆ ಹೊಸದು ಒಯ್ಯುವ ಹಾಗಿಲ್ಲ. ಇದು ಕಟ್ಟುನಿಟ್ಟು.

ಇಷ್ಟೆಲ್ಲಾ ಇದ್ದೂ ಐವತ್ತೈದು ವರ್ಷದ ಹಿಂದೆ ಎರಡು ಗಾಡಿಗಳು ಕಡಿದಾರಿಯಲ್ಲಿ ಮುಖಾಮುಖಿಯಾದವು. ಕಡಿದಾರಿ ಅಂದರೆ ಬಂಡೆಯನ್ನು ಕಡಿದು ಹಳಿ ಹಾಯಿಸಿದ ಜಾಗ, ಎರಡೂ ಪಕ್ಕ ಎರಡಾಳೆತ್ತರದ ಕಲ್ಲುಗೋಡೆ. ಇಂಜಿನ್ ಬಾವಿಯಿಂದ ಮುಂದಕ್ಕೆ ಕೂಗಿದರೆ ಕೇಳುವಷ್ಟು ದೂರ. ಮೂವತ್ತೊಂದು ಜನ ಸತ್ತರು. ಮರದ ಡಬ್ಬಿಗಳು ಒಂದರೊಳಗೊಂದು ಹೊಕ್ಕವು. ಬಾಯ್ಲರ್ ಸಿಡಿದು, ಬದುಕಿ ತೆವಳುತ್ತಿದ್ದವರನ್ನೂ ಬೇಯಿಸಿತು.

ಎದುರಿನ ಗಾಡಿಯ ಡ್ರೈವರನ ಹತ್ತಿರ ಬಿಲ್ಲೆ ಸಿಕ್ಕಿತು. ನಮ್ಮ ಸ್ಟೇಷನ್ನಿನಿಂದ ಹೊರಟ ಗಾಡಿಯ ಡ್ರೈವರನ ಹತ್ತಿರ ಸಿಗಲಿಲ್ಲ. ನಾನು ಬಿಲ್ಲೆ ಕೊಟ್ಟೇ ಇಲ್ಲ, ಅವನು ನುಗ್ಗಿಸಿಕೊಂಡು ಹೋದ ಅಂತ ಮಾಸ್ಟರ್ ಅಜ್ಜ ಹೇಳಿಕೆ ಕೊಟ್ಟರು. ಯಂತ್ರದೊಳಗಿನ ಬಿಲ್ಲೆ ಎಣಿಸಿದಾಗ ಹತ್ತೊಂಬತ್ತನೇ ನಂಬರು ಇರಲಿಲ್ಲ ನಿಜ. ಅದು ವಾರದ ಹಿಂದೆಯೇ ಕಳೆದುಹೋಗಿದೆ ಅಂತ ರಿಜಿಸ್ಟರಿನಲ್ಲಿ ಅಜ್ಜನ ಕೈಬರಹದಲ್ಲಿ ಬರೆದಿತ್ತು. ಡ್ರೈವರ್ ಉತ್ತರ ಕೊಡಲು ಬದುಕಿರಲಿಲ್ಲ. ಅವನ ಹೆಣ ಸಿಕ್ಕಿತು, ಬಲತೋಳು ಸಿಗಲೇ ಇಲ್ಲ. ಭುಜದಿಂದ ಕಿತ್ತುಹೋಗಿತ್ತು.

ಆದ್ದರಿಂದ ತಕ್ಕಡಿಯಣ್ಣ ಬರೆಸಿದ ದೊಡ್ಡ ಬೋರ್ಡಿನಲ್ಲಿ ಒಂದು ಸಾಲು ಹೀಗಿತ್ತು: ‘ಬಿಲ್ಲೆ ಪಡೆಯದೆ ಗಾಡಿ ನಡೆಸಿದ ಡ್ರೈವರನ ತಪ್ಪಿನಿಂದ ಮೂವತ್ತೊಂದು ಜನ ಮೃತಪಟ್ಟರು.’

ಆ ದಿನ ಸಂಜೆ ಐದಕ್ಕೆ ಆ ಡ್ರೈವರನ ಮಗಳು ಶೆಡ್ಡಿಗೆ ಬಂದಳು. ಅರವತ್ತನಾಲ್ಕು ವರ್ಷ, ಬಟ್ಟೆ ಹೊಲಿಯುವ ಹೆಂಗಸು, ಟೈಲರಮ್ಮ ಅಂತಲೇ ಹೆಸರು. ಕೈಯಲ್ಲಿ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ. ಅಂಗಡಿಯಿಂದ ಎದ್ದು ಹಾಗೇ ಬಂದಿದ್ದಳು.

“ಈ ಸಾಲು ತೆಗೀಬೇಕು ತಮ್ಮಾ.”

“ವರದಿಯಲ್ಲಿ ಇರೋದನ್ನೇ ಬರೆಸಿದೀನಿ ಅಮ್ಮಾ. ನಾನು ಏನೂ ಸೇರಿಸಿಲ್ಲ.”

“ವರದಿ ಬರೆದೋರು ನಮ್ಮಪ್ಪನ್ನ ನೋಡಿದ್ರಾ? ಬಿಲ್ಲೆ ಇಲ್ಲದೆ ನಮ್ಮಪ್ಪ ಕಕ್ಕಸಿಗೂ ಹೋಗ್ತಿರಲಿಲ್ಲ ಕಣಪ್ಪಾ! ಅಮ್ಮ ತಮಾಷೆಗೆ ಸೌಟು ಎತ್ತಿ ಹಿಡಿದ್ರೆನೇ ಊಟಕ್ಕೆ ಏಳೋರು.”

ಅವನಿಗೆ ನಗು ಬಂತು. ಅವಳು ನಗಲಿಲ್ಲ. ಬಾಯಿ ತೆರೆದು ತೋರಿಸಿದಳು. ಮುಂದಿನ ಮೇಲುಹಲ್ಲು ಮೂರು ಇರಲಿಲ್ಲ.

“ಇದು ವಯಸ್ಸಿಗೆ ಬಿದ್ದಿದ್ದಲ್ಲ. ಅಪ್ಪ ಸತ್ತ ನಾಲ್ಕನೇ ದಿನ ನಮ್ಮ ಮನೆ ಮುಂದೆ ಜನ ಸೇರಿದ್ರು. ಸತ್ತೋರ ಕಡೆಯೋರು. ಬಾಗಿಲು ಮುರಿದ್ರು. ಅಮ್ಮನ್ನ ಜುಟ್ಟು ಹಿಡಿದು ಬೀದಿಗೆ ಎಳೆದು ಒದ್ದ್ರು, ಹೊಟ್ಟೆಯಲ್ಲಿ ನನ್ನ ತಮ್ಮ ಇದ್ದ. ಬಿಡಿಸೋಕೆ ಹೋದ ನನಗೆ ಕಲ್ಲಲ್ಲಿ ಹೊಡೆದ್ರು. ನನಗಾಗ ಒಂಬತ್ತು ವರ್ಷ. ತಮ್ಮ ಹುಟ್ಟಲಿಲ್ಲ. ಈಗ ನೀನು ಅದನ್ನೇ ಬಣ್ಣದಲ್ಲಿ ಬರೆದು ಗಾಜು ಹಾಕಿಸ್ತಿದೀಯ.”

ಏನೂ ತಿಳಿಯದಿದ್ದಾಗ ಗಂಡಸರು ಹೇಳುವುದನ್ನೇ ತಕ್ಕಡಿಯಣ್ಣ ಹೇಳಿದ. “ನೋಡೋಣ ಅಮ್ಮಾ.”

“ನೋಡೋದೇನು!” ಅಂದವಳೇ ಕತ್ತರಿ ಎತ್ತಿ ಬೋರ್ಡಿಗೆ ಗೀರಿದಳು. ಕಿರ್ರ್... ಒಂದು ಸಲ. ಕಿರ್ರ್... ಇನ್ನೊಂದು ಸಲ. ಅವನು ಓಡಿ ಅವಳ ಮಣಿಕಟ್ಟು ಹಿಡಿದ. ಅವಳು ಬಿಡಲಿಲ್ಲ. ಅವನು ತಿರುಚಿದ. ಅವಳು ಅವನ ಮುಂದೋಳಿಗೆ, ಉಳಿದ ಹಲ್ಲೆಲ್ಲಾ ಒಟ್ಟುಗೂಡಿಸಿ, ಕಚ್ಚಿದಳು. ರಕ್ತ ಬಂತು. ಅವನು ಬಿಡಿಸಿಕೊಳ್ಳಲು ಜೋರಾಗಿ ತಳ್ಳಿದ. ಮುದುಕಿ ಬೆಂಚಿಗೆ ಬಡಿದು ನೆಲಕ್ಕೆ ಬಿದ್ದಳು.

ಅವನು ಎಬ್ಬಿಸಲು ಕೈ ಚಾಚಿದ. ಅವಳು ಹಿಡಿಯಲಿಲ್ಲ. ತಾನೇ ಎದ್ದು, ಬಾಗಿಲ ಹತ್ತಿರ ಹೋಗಿ, ಪಿಸುಗುಟ್ಟಿದಂತೆ ಅಂದಳು:

“ಒಂಬತ್ತು ವರ್ಷದವಳಿಗೆ ಹೊಡೆದ್ರು, ಅರವತ್ತನಾಲ್ಕಕ್ಕೂ ಹೊಡೆದ್ರು. ಪರವಾಗಿಲ್ಲ ಬಿಡು. ರೈಲು ನಿಂತ್ರೂ ಇದು ನಿಂತಿಲ್ಲ.”

ಅವಳು ಹೋದ ಮೇಲೆ ಅವನು ಸಲಕರಣೆ ಪೆಟ್ಟಿಗೆ ತೆರೆದ. ಮನಸ್ಸು ಸರಿಯಿಲ್ಲದಾಗ ಅವನು ಯಾವುದಾದರೂ ಯಂತ್ರ ಬಿಚ್ಚುತ್ತಾನೆ. ಗೆಲ್ಲುವ ಜಗಳ ಸೋತವರು ಪಾತ್ರೆ ತೊಳೆಯುತ್ತಾರಲ್ಲ, ಹಾಗೆ. ನಮ್ಮ ಸ್ಟೇಷನ್ನಿನ ಮತ್ತು ಎದುರು ಸ್ಟೇಷನ್ನಿನ ಬಿಲ್ಲೆ ಯಂತ್ರಗಳನ್ನು ಅವನು ಹುಡುಕಿ ತಂದು, ತಂತಿ, ಬ್ಯಾಟರಿ ಹಾಕಿ ಶೆಡ್ಡಿನ ಎರಡು ಮೂಲೆಗಿಟ್ಟಿದ್ದ. ಅದರಲ್ಲಿ ನಮ್ಮ ಸ್ಟೇಷನ್ನಿನದು ಸ್ವಲ್ಪ ಸಡಿಲವಾಗಿತ್ತು. ಬೆನ್ನಿನ ಮುಚ್ಚಳ ತೆಗೆದು ದೀಪ ಹಿಡಿದ.

ಒಳಗೆ ಒಂದು ಕೊಕ್ಕೆ ಇರುತ್ತದೆ. ಒಂದು ಬಿಲ್ಲೆ ಹೊರಗೆ ಹೋದ ತಕ್ಷಣ ಅದು ಬಿದ್ದು ಎರಡನೆಯದನ್ನು ತಡೆಯುತ್ತದೆ. ಯಂತ್ರದ ಪ್ರಾಣವೇ ಆ ಕೊಕ್ಕೆ. ಅದರ ಮೂತಿ ಓರೆಯಾಗಿತ್ತು. ಸವೆದಿದೆ ಅಂದುಕೊಂಡ. ಬೆರಳಿನಿಂದ ಸವರಿದ. ಆಮೇಲೆ ಭೂತಗನ್ನಡಿ ಹಿಡಿದು ನೋಡಿದ... ಸವೆದ ಕಬ್ಬಿಣ ನಾಲಿಗೆಯಂತೆ ನುಣ್ಣಗಿರುತ್ತದೆ. ಇದರ ಮೇಲೆ ಸಾಲುಸಾಲಾಗಿ ಗೆರೆ. ಅರದ ಗೆರೆ. ಜೀವಮಾನವೆಲ್ಲಾ ತಕ್ಕಡಿಯ ಮುಳ್ಳು ಉಜ್ಜಿದವನಿಗೆ ಅರದ ಗೆರೆ ಗೊತ್ತಾಗದೆ ಇರುತ್ತದೆಯೇ? ಯಾರೋ ಬೇಕೆಂದೇ ಉಜ್ಜಿದ್ದರು.

ಪರೀಕ್ಷೆ ಮಾಡಿದ. ಒಂದು ಬಿಲ್ಲೆ ತೆಗೆದ. ಯಂತ್ರ ಬಂದ್ ಆಯಿತು. ಪಕ್ಕಕ್ಕೆ ಅಂಗೈಯಿಂದ ಒಂದು ಗುದ್ದು ಕೊಟ್ಟ. ಕಟಕ್. ಎರಡನೇ ಬಿಲ್ಲೆ ಕೈಗೆ ಬಂತು.

ಅವನು ಕುರ್ಚಿಯ ಮೇಲೆ ಕೂತ.

ಆ ಯಂತ್ರದ ಬೀಗದ ಕೈ ಇದ್ದದ್ದು ಒಬ್ಬರ ಸೊಂಟದಲ್ಲಿ ಮಾತ್ರ. ಹೇಗಾಗಿರಬಹುದು ಅಂತ ಅವನಿಗೆ ಕಣ್ಣಿಗೆ ಕಟ್ಟಿತು. ಹಳೇ ಯಂತ್ರ, ಆಗಾಗ ಸುಮ್ಮನೆ ಸಿಕ್ಕಿಹಾಕಿಕೊಳ್ಳುತ್ತಿತ್ತು. ಗಾಡಿ ಗಂಟೆಗಟ್ಟಲೆ ನಿಂತರೆ ಮೇಲಿನವರಿಂದ ಬೈಗುಳ. ಅಜ್ಜ ಕೊಕ್ಕೆ ಉಜ್ಜಿ ಒಂದು ಒಳದಾರಿ ಮಾಡಿಕೊಂಡರು. ಸಿಕ್ಕಿಕೊಂಡರೆ ಒಂದು ಗುದ್ದು. ಆ ದಿನವೂ ಬಂದ್ ಆಗಿತ್ತು. ಎಂದಿನ ಹಾಗೇ ಸಿಕ್ಕಿಕೊಂಡಿದೆ ಅಂದುಕೊಂಡು ಎಂದಿನ ಹಾಗೇ ಗುದ್ದಿದರು. ಆ ದಿನ ಮಾತ್ರ ಅದು ಸಿಕ್ಕಿಕೊಂಡಿರಲಿಲ್ಲ... ಎದುರಿನಿಂದ ನಿಜವಾಗಿಯೂ ಗಾಡಿ ಬರುತ್ತಿತ್ತು.

ಆಗ ಅವನಿಗೆ ಇನ್ನೊಂದು ನೆನಪಾಯಿತು. ಅಜ್ಜ ಹಾಸಿಗೆ ಹಿಡಿದಿದ್ದಾಗ ರಾತ್ರಿ ಎಚ್ಚರವಾಗಿ “ಹತ್ತೊಂಬತ್ತು ಬಂತಾ? ಹತ್ತೊಂಬತ್ತು ಬಂತಾ?” ಅಂತ ಕೇಳುತ್ತಿದ್ದರು. ಯಾವುದೋ ಗಾಡಿಯ ನಂಬರು ಅಂದುಕೊಂಡು ದೊಡ್ಡಮ್ಮ “ಬಂತಪ್ಪಾ, ಬಂದು ಹೋಯ್ತು, ಮಲಕ್ಕೋ” ಅನ್ನುತ್ತಿದ್ದರು.

ತಕ್ಕಡಿಯಣ್ಣ ಕೆಟ್ಟವನಲ್ಲ. ಇದನ್ನು ನಾನು ನಮ್ಮವನು ಅಂತ ಹೇಳುತ್ತಿಲ್ಲ. ಆದರೆ ಎರಡು ದಿನಕ್ಕೆ ಉದ್ಘಾಟನೆ, ಬಾಗಿಲ ಮೇಲೆ ಅಜ್ಜನ ಹೆಸರು, ಎಪ್ಪತ್ತೆಂಟು ವರ್ಷದ ತಾಯಿ. ಅವನು ಕೂತಲ್ಲೇ ಕೂತು ಎರಡು ಗಂಟೆ ತೂಗಿದ. ಕೊನೆಗೆ ಹೊಸ ಕೊಕ್ಕೆ ಮಾಡಿ ಹಾಕಿದ. ತೆಗೆದ ಬಿಲ್ಲೆ ಎರಡನ್ನೂ ಒಳಗೆ ಹಾಕಿ, ಮತ್ತೆ ಪರೀಕ್ಷೆಗೆ ಹನ್ನೆರಡನೇ ನಂಬರನ್ನು ತೆಗೆದ. ಯಂತ್ರ ಬಂದ್. ಗುದ್ದಿದ. ಬರಲಿಲ್ಲ. ಕೋಣೆಯ ಆ ಮೂಲೆಯಲ್ಲಿದ್ದ ಎದುರು ಯಂತ್ರವನ್ನೂ ಎಳೆದು ನೋಡಿದ. ಬರಲಿಲ್ಲ. ಬಹಳ ಒಳ್ಳೆ ಕೆಲಸ. ಅಷ್ಟರಲ್ಲಿ ಫೋನು.

“ಏನೋ, ಅಲ್ಲೇ ಸಂಸಾರ ಹೂಡಿದೀಯೇನೋ? ಹತ್ತೂಕಾಲು!” ದೊಡ್ಡಮ್ಮ.

“ಬಂದೆ ಅಮ್ಮಾ.”

ಆ ಅವಸರದಲ್ಲಿ ಅವನೊಂದು ತಪ್ಪು ಮಾಡಿದ. ಬಿಲ್ಲೆಯ ಕೆಲಸ ಗೊತ್ತಿಲ್ಲದವನಾಗಿದ್ದರೆ ಅದೊಂದು ತಪ್ಪೂ ಅಲ್ಲ. ಹನ್ನೆರಡನೇ ಬಿಲ್ಲೆಯನ್ನು ಯಂತ್ರಕ್ಕೆ ವಾಪಸ್ ಹಾಕದೆ ಅಂಗಿಯ ಜೇಬಿಗೆ ಇಳಿಬಿಟ್ಟು ಹೊರಟ. ಅಂದರೆ ಲೆಕ್ಕದ ಪ್ರಕಾರ, ಹಳಿ ಇಲ್ಲದ ಆ ದಾರಿ ಅವತ್ತು ರಾತ್ರಿ ಅವನದಾಗಿತ್ತು.

ಈಗ ಬಾವಿಗೆ ಬರೋಣ.

ಅವನು ಉಜ್ಜಿದ ಕೊಕ್ಕೆಯನ್ನು ಬಾವಿಗೆ ಬಿಟ್ಟ. ಕಿವಿಗೊಟ್ಟು ನಿಂತ. ಅರವತ್ತು ಅಡಿ ಬೀಳಲು ಎರಡು ಎಣಿಸುವಷ್ಟು ಹೊತ್ತು ಸಾಕು. ಒಂದು... ಎರಡು... ಮೂರು... ನಾಲ್ಕು...

ನೀರಿನ ಸದ್ದು ಬರಲಿಲ್ಲ.

ಟಿಣ್.

ತೆಳ್ಳಗಿನ ಗಂಟೆ. ಬಾವಿಯೊಳಗಿನಿಂದ. ಟಿಣ್... ಟಿಣ್. ಒಟ್ಟು ಮೂರು.

ಮೂರು ಹೊಡೆತ ಅಂದರೆ ಬಿಲ್ಲೆ ಯಂತ್ರದ ಭಾಷೆಯಲ್ಲಿ ‘ಗಾಡಿ ಬಿಡಲೇ?’ ಅಂತ ಎದುರಿನ ಸ್ಟೇಷನ್ನು ಕೇಳುವುದು. ಅದನ್ನು ಅವನೇ ಎಷ್ಟೋ ಜನಕ್ಕೆ ಬಾರಿಸಿ ತೋರಿಸಿದ್ದ. ಉತ್ತರ ಎರಡು ಹೊಡೆತ. ಹಿಂದೆ, ಬೀಗ ಹಾಕಿ ಬಂದ ಶೆಡ್ಡಿನಿಂದ, ಸ್ಪಷ್ಟವಾಗಿ...

ಟಿಣ್. ಟಿಣ್.

ಓಡಬೇಕಿತ್ತು. ಓಡಿದ. ಆದರೆ ಗಾಬರಿಯಲ್ಲಿ ಮನುಷ್ಯ ಮನೆ ಕಡೆಗೇ ಓಡುವುದು. ಮನೆ ಇದ್ದದ್ದು ಕಡಿದಾರಿಯ ಆಚೆ.

ಕಡಿದಾರಿಯ ನಡುವೆ ಬರುವಷ್ಟರಲ್ಲಿ ಅಂಗಾಲಿಗೆ ಗೊತ್ತಾಯಿತು. ನೆಲ ಗುಂಯ್‌ಗುಡುತ್ತಿತ್ತು. ಅಲ್ಲಿ ಉಳಿದಿದ್ದ ಹಳೇ ಜಲ್ಲಿಕಲ್ಲು ಹುರಿದ ಕಾಳಿನ ಹಾಗೆ ಚಟಚಟ ನೆಗೆಯತೊಡಗಿತು. ನಲವತ್ತೇಳು ವರ್ಷದಿಂದ ಹಳಿಯಿಲ್ಲದ ಜಾಗದಲ್ಲಿ ಹಳಿಯ ಕೀಲು ಸದ್ದು... ಕಟ್ ಕಟ್... ಕಟ್ ಕಟ್... ಹಿಂದಿನಿಂದ. ಬೆಳಕಿಲ್ಲ. ಏನೂ ಕಾಣಲಿಲ್ಲ. ಕಲ್ಲಿದ್ದಲ ಹೊಗೆಯ ನಾತ, ಸುಟ್ಟ ಎಣ್ಣೆಯ ನಾತ, ಮುಖಕ್ಕೆ ಬಿಸಿ.

ಆಮೇಲೆ ಮುಂದಿನಿಂದಲೂ ಒಂದು ಸೀಟಿ.

ಎರಡು ಕಡೆಯಿಂದಲೂ ಬರುತ್ತಿತ್ತು. ಎರಡೂ ಪಕ್ಕ ಕಲ್ಲು. ಬಂಡೆಗೆ ಬೆನ್ನು ಕೊಟ್ಟು ಒತ್ತಿಕೊಂಡ. ಉಗುರು ಮುರಿಯುವ ಹಾಗೆ ಬಂಡೆ ಕೆರೆದ. ಹತ್ತಲು ಆಗಲಿಲ್ಲ. ಕೈ ಎದೆಗೆ ಹೋಯಿತು. ಜೇಬಿನಲ್ಲಿ ಬಿಲ್ಲೆ.

ಯಾಕೆ ಹಾಗೆ ಮಾಡಿದೆ ಅಂತ ನಾನು ಕೇಳಿದ್ದೇನೆ. ಗೊತ್ತಿಲ್ಲ, ಕೈಗೆ ಗೊತ್ತಿತ್ತು ಅನ್ನುತ್ತಾನೆ. ಹದಿನಾಲ್ಕು ವರ್ಷ ಬಂದವರಿಗೆಲ್ಲಾ ತೋರಿಸಿದ ಹಾಗೇ, ಬಲತೋಳನ್ನು ಮೇಲಕ್ಕೆ ಚಾಚಿ ಬಿಲ್ಲೆಯನ್ನು ಎತ್ತಿ ಹಿಡಿದ.

ಆಗ ತೋಳು ಕಾಣಿಸಿತು. ಬರೀ ತೋಳು. ನೀಲಿ ಅಂಗಿಯ ತೋಳು, ಮಸಿ ಮೆತ್ತಿದ ಬೆರಳು, ಮಡಚಿದ ಮೊಳಕೈ. ಭುಜದ ಹತ್ತಿರ ಬಟ್ಟೆ ಹರಿದು ಜೋತಾಡುತ್ತಿತ್ತು. ಅದರಿಂದಾಚೆ ಏನೂ ಇರಲಿಲ್ಲ. ಅದು ಗಾಡಿಯ ವೇಗದಲ್ಲಿ ಬಂದು ಅವನ ತೋಳಿಗೆ ತಗುಲಿಕೊಂಡಿತು.

ಕಟ್. ಮುಂದೋಳು. ಕಟ್. ಮೊಳಕೈಯ ಮೇಲೆ. ಮೂರನೇ ಸದ್ದು ಭುಜದ್ದು, ಒದ್ದೆ ಸೌದೆ ಮುರಿದಂತೆ. ನೋವು ಆಮೇಲೆ ಬಂತು, ಸದ್ದು ಮೊದಲು ಬಂತು ಅನ್ನುತ್ತಾನೆ. ಕಾಲು ನೆಲ ಬಿಟ್ಟಿತು. ಜಲ್ಲಿಯ ಮೇಲೆ ಅವನನ್ನು ಎಳೆದುಕೊಂಡೇ ಹೋಯಿತು. ಬೆನ್ನಿನ ಚರ್ಮ ಸುಲಿಯಿತು. ಮುರಿದ ಕೈಯೊಳಗೆ ಯಾರೋ ಏನನ್ನೋ ಒತ್ತಿದರು, ಕಾದ ಕಬ್ಬಿಣದಷ್ಟು ಬಿಸಿ. ಕಿವಿಯ ಪಕ್ಕದಲ್ಲಿ ಒಂದು ಪಿಸುದನಿ.

“ಹಿಡ್ಕೋ.”

ಅಷ್ಟೇ. ಕೋಪವಿರಲಿಲ್ಲ. ಕೆಲಸದ ಮಾತು.

ಆಮೇಲೆ ಕಬ್ಬಿಣ ಕಬ್ಬಿಣಕ್ಕೆ ಹೊಡೆಯಿತು.

ಆ ಸದ್ದನ್ನು ಬರೆಯಲು ನನಗೆ ಬಾರದು. ಅವನು ಹೇಳಿದ್ದು ಇಷ್ಟು: ಮೊದಲು ಸದ್ದಲ್ಲ, ಎದೆಗೆ ಒದೆ. ನಂತರ ಮರ ಸೀಳುವ ಸದ್ದು, ಒಂದಾದ ಮೇಲೊಂದು, ಹತ್ತಿಪ್ಪತ್ತು. ಭುಸ್ಸ್ ಅಂತ ಉಗಿ. ಉಗಿಯೊಳಗೆ ಬಾಯಿ, ಬಾಯಿ, ಬಾಯಿ. ಯಾರೋ ಹೆಸರು ಹಿಡಿದು ಕೂಗುತ್ತಿದ್ದರು, ಕೂಗು ಅರ್ಧಕ್ಕೆ ಕುದಿಯುವ ನೀರಿನ ಸದ್ದಾಯಿತು. ಮುಖದ ಮೇಲೆ ಬಿಸಿಯಾದ ಒದ್ದೆ ಬಿತ್ತು. ಆಮೇಲೆ ಕೈಗಳು. ಅವನ ಕಾಲು, ಸೊಂಟ, ಕೂದಲು ಹಿಡಿದು ಮೇಲೇರುವ ಕೈಗಳು. ಅವನನ್ನು ತುಳಿದುಕೊಂಡು ಹೊರಗೆ ಬರಲು ನೋಡುತ್ತಿದ್ದರು. ಎದೆಯ ಮೇಲೆ ಹಿಮ್ಮಡಿ, ಗಂಟಲಿನ ಮೇಲೆ ಮೊಣಕಾಲು. ಒಂದು ಪಕ್ಕೆಲುಬು ಮುರಿಯಿತು, ಇನ್ನೊಂದು ಮುರಿಯಿತು. ಮುಷ್ಟಿ ಮಾತ್ರ ಬಿಡಲಿಲ್ಲ.

ಆಮೇಲೆ... ಏನೂ ಇಲ್ಲ. ಜೀರುಂಡೆ.

ರಾತ್ರಿ ಒಂದೂವರೆಗೆ ದೊಡ್ಡಮ್ಮ ಪಕ್ಕದ ಮನೆಯ ವ್ಯಾನ್ ಡ್ರೈವರನ್ನು ಎಬ್ಬಿಸಿಕೊಂಡು ಹುಡುಕಿ, ಕಡಿದಾರಿಯಲ್ಲಿ ಬಿದ್ದಿದ್ದವನನ್ನು ಕಂಡರು. ಆಸ್ಪತ್ರೆಗೆ ನನ್ನನ್ನೂ ಕರೆದರು. ಇಲ್ಲಿಂದ ಮುಂದಿನದು ನಾನೇ ಕಂಡದ್ದು. ಬಲಗೈ ಮೂರು ಕಡೆ ಮುರಿದಿತ್ತು, ಪಕ್ಕೆಲುಬು ನಾಲ್ಕು. ಎದೆ, ಹೊಟ್ಟೆಯ ಮೇಲೆಲ್ಲಾ ನೀಲಿಗಟ್ಟಿದ ಹೆಜ್ಜೆ ಗುರುತು, ದೊಡ್ಡವರದ್ದು, ಒಂದು ಬರಿಗಾಲಿನ ಚಿಕ್ಕದು.

“ಲಾರಿ ಹೊಡೆದಿರಬೇಕು,” ಅಂದರು ಮೂಳೆ ಡಾಕ್ಟರು.

“ಆ ದಾರೀಲಿ ಸೈಕಲ್ ಹೋಗೋದೂ ಕಷ್ಟ ಸ್ವಾಮಿ,” ಅಂದ ವ್ಯಾನ್ ಡ್ರೈವರ್.

“ಹಾಗಾದ್ರೆ ಹೊಡೆದಾಟ.”

“ಯಾರ ಜೊತೆ ಡಾಕ್ಟ್ರೇ, ಊರಿನ ಜೊತೆನಾ?”

ಮುಷ್ಟಿ ಬಿಡಿಸಲು ಇಬ್ಬರು ಬೇಕಾಯಿತು. ಒಳಗಿದ್ದದ್ದನ್ನು ಮುಟ್ಟಿದವರೇ “ಅಬ್ಬಾ!” ಅಂತ ಕೈ ಕೊಡವಿ ಹತ್ತಿಯಲ್ಲಿ ಹಿಡಿದರು. ಹಿತ್ತಾಳೆ ಬಿಲ್ಲೆ. ಆಗಲೂ ಬಿಸಿಯಿತ್ತು. ಅಂಗೈಯ ಸುಟ್ಟ ಚರ್ಮದಲ್ಲಿ ಅಂಕಿ ತಿರುಗುಮುರುಗಾಗಿ ಮೂಡಿತ್ತು. ಡಾಕ್ಟರು ಬಿಲ್ಲೆಯನ್ನು ದೀಪಕ್ಕೆ ತಿರುಗಿಸಿ ಓದಿದರು.

“ಹತ್ತೊಂಬತ್ತು.”

ದೊಡ್ಡಮ್ಮ ಗೋಡೆಗೆ ಕೈ ಕೊಟ್ಟು ನಿಂತರು. ಯಾರೂ ಅವರಿಗೆ ಏನೂ ಹೇಳಿರಲಿಲ್ಲ. ಕೊಕ್ಕೆಯ ಸುದ್ದಿ ಬಾವಿಯಲ್ಲಿತ್ತು. ಹಾಸಿಗೆಯ ಮೇಲಿದ್ದವನು ಸುಮ್ಮನಿದ್ದಿದ್ದರೆ ಅದು ಅಲ್ಲೇ ಇರುತ್ತಿತ್ತು. ಆದರೆ ತಕ್ಕಡಿಯಣ್ಣ ಕಣ್ಣು ತೆರೆದು ತಾಯಿಯನ್ನು ನೋಡಿದ. ಊದಿದ ತುಟಿಯಲ್ಲಿ ಹೇಳಿದ.

“ಅಮ್ಮಾ... ಅವನ ಹತ್ರ ಬಿಲ್ಲೆ ಇತ್ತು. ಅಜ್ಜ ಕೊಟ್ಟಿದ್ರು.”

ದೊಡ್ಡಮ್ಮ ಪಿಸುಗುಟ್ಟಿದರು. “ಬಂದು ಹೋಯ್ತು ಅಂತ ನಾನು ಸುಳ್ಳು ಹೇಳ್ತಿದ್ನಲ್ಲೋ... ಈಗ ಬಂತು.”

ಉದ್ಘಾಟನೆ ಒಂದೂವರೆ ತಿಂಗಳು ಮುಂದಕ್ಕೆ ಹೋಯಿತು. ಬೋರ್ಡು ಹೊಸದಾಗಿ ಬರೆಸಿದರು. ಈಗಿನ ಸಾಲು: ‘ಇಬ್ಬರು ಡ್ರೈವರರಿಗೂ ಬಿಲ್ಲೆ ಕೊಡಲಾಗಿತ್ತು. ಎರಡನೆಯದನ್ನು ಕೊಡಬಾರದಾಗಿತ್ತು. ಕೊಟ್ಟವರು ಈ ಸ್ಟೇಷನ್ನಿನ ಮಾಸ್ಟರ್.’ ಬಾಗಿಲ ಮೇಲಿನ ಅಜ್ಜನ ಹೆಸರನ್ನು ದೊಡ್ಡಮ್ಮನೇ ಇಳಿಸಿದರು. ಟೋಪಿಯನ್ನೂ ತೆಗೆಯಲು ಹೋದವನ ಕೈ ತಡೆದು, “ಅದು ಇರಲಿ. ಅವರು ಮಾಸ್ಟರಾಗಿದ್ದೂ ನಡೆದದ್ದೇ ತಾನೇ,” ಅಂದರು. ಟೈಲರಮ್ಮ ಬಂದು ಬೋರ್ಡನ್ನು ಎರಡು ಸಲ ಓದಿದಳು. ಅಳಲಿಲ್ಲ. ತಕ್ಕಡಿಯಣ್ಣನ ಜೋತುಬಿದ್ದ ಬಲಗೈಯನ್ನು ನೋಡಿ, “ನಾನು ಕಚ್ಚಿದ್ದು ಯಾವ ಕೈಗೆ? ಇದಕ್ಕೇನಾ?” ಅಂದಳು.

“ಇದಕ್ಕೇ ಅಮ್ಮಾ.”

“ಹಾಗಾದ್ರೆ ನನ್ನದೂ ಸ್ವಲ್ಪ ಪಾಲಿದೆ,” ಅಂದು ಬೆಂಚಿನ ಮೇಲೆ ಕೂತಳು. ಅವನು ಅವಳನ್ನು ತಳ್ಳಿದಾಗ ಬಡಿದದ್ದು ಇದೇ ಬೆಂಚಿಗೆ.

ಅವಳ ಕೈಯಿಂದಲೇ ಹತ್ತೊಂಬತ್ತನ್ನು ಯಂತ್ರಕ್ಕೆ ಹಾಕಿಸಿದರು. ಟಿಣ್ ಅಂತ ಒಂದು ಹೊಡೆತ. ಒಂದು ಹೊಡೆತ ಅಂದರೆ ‘ಗಾಡಿ ಬಂದು ಸೇರಿತು’.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಒಂದು ಉಳಿದಿದೆ, ಅದನ್ನು ಹೇಳದಿದ್ದರೆ ನೀವು ನಂಬುವುದಿಲ್ಲ. ಹನ್ನೆರಡನೇ ನಂಬರು. ಅವತ್ತು ಅವನು ಎತ್ತಿ ಹಿಡಿದದ್ದು. ಕಡಿದಾರಿಯನ್ನು ಜರಡಿ ಹಿಡಿದು ಹುಡುಕಿದೆವು, ಸಿಗಲಿಲ್ಲ. ಅವತ್ತಿನಿಂದ ಎರಡು ಯಂತ್ರಗಳೂ ಬಂದ್. ಒಂದು ಬಿಲ್ಲೆಯನ್ನೂ ಕೊಡುವುದಿಲ್ಲ. ತುಕ್ಕು ಹಿಡಿದಿರಬೇಕು ಅಂತ ನೀವು ಹೇಳಬಹುದು, ಎಲ್ಲರೂ ಹಾಗೇ ಹೇಳುತ್ತಾರೆ. ತುಕ್ಕಲ್ಲ. ತಕ್ಕಡಿಯಣ್ಣ ಎಡಗೈಯಲ್ಲೇ ಮೂರು ಸಲ ಬಿಚ್ಚಿ ನೋಡಿದ್ದಾನೆ, ದೀಪ ಹಿಡಿದವನು ನಾನೇ. ಎಲ್ಲಾ ಸರಿಯಾಗಿದೆ. ಹೊಸ ಕೊಕ್ಕೆ ಎಲ್ಲಿ ಬೀಳಬೇಕೋ ಅಲ್ಲೇ ಬಿದ್ದಿದೆ. ಅದು ಹಾಗೆ ಬೀಳುವುದು ಒಂದೇ ಕಾರಣಕ್ಕೆ, ಬಿಲ್ಲೆ ಹೊರಗಿದ್ದು ಹಳಿಯ ಮೇಲೆ ಇನ್ನೂ ಗಾಡಿ ಇದ್ದಾಗ. ನಾನು ಸುಳ್ಳು ಹೇಳುತ್ತಿದ್ದರೆ ಬಂದು ನೀವೇ ಎಳೆದು ನೋಡಿ. ಇದಕ್ಕೂ ಬ್ಯಾಟರಿಗೂ ಏನೂ ಸಂಬಂಧವಿಲ್ಲ, ಯಾಕೆಂದರೆ ತಂತಿಯನ್ನು ನಾವು ಪೂರ್ತಿ ಕಳಚಿದ ಮೇಲೂ ರಾತ್ರಿ ಹತ್ತೂವರೆಯ ಸುಮಾರಿಗೆ ಆ ಮೂಲೆಯ ಯಂತ್ರ ಮೂರು ಸಲ...

ಬಂದೆ ಅಣ್ಣಾ, ಬಂದೆ! ತಕ್ಕಡಿಯಣ್ಣ ಕೂಗುತ್ತಿದ್ದಾನೆ. ಶೆಡ್ಡಿಗೆ ಬೀಗ ಹಾಕುವ ಹೊತ್ತು, ಬಾವಿ ದಾಟುವವರೆಗೆ ಅವನ ಜೊತೆಗೆ ಒಬ್ಬರು ಬೇಕು.